ಚೆಲುವಿಯ ಚೀರಾಟ

ಮೈಕಿಗೆ ಕೊಟ್ಟ ಸದ್ದು ಕೊಟ್ಟವರಿಗೆ ಮತ್ತೆ ಸಿಗುವುದಿಲ್ಲ. ಇಪ್ಪತ್ತು ವರ್ಷ ಸಿನಿಮಾಗಳಿಗೆ ಸದ್ದು ಕೂಡಿಸಿದ ನಾನು ನಡೆದರೆ ಸಪ್ಪಳವೇ ಆಗದು. ನನ್ನ ಹೆಜ್ಜೆಗಳನ್ನು ಯಾವುದೋ ನಾಯಕಿಗೆ ಕೊಟ್ಟಾಗಿದೆ.

ಅಂದು ನಿಂಗರಾಜು ತನ್ನ ಹೆಂಡತಿ ಚೆಲುವಿಯ ಚೀರಾಟವನ್ನು ಮೈಕಿಗೆ ಕೊಡಿಸಲು ನನ್ನ ರೆಕಾರ್ಡಿಂಗ್ ಕೋಣೆಗೆ ಬಂದಿದ್ದ. ಅವಳ ತುಟಿ ಒಡೆದಿತ್ತು.

"ಚೂರೂ ಬಿಡದಂಗೆ ತಕ್ಕೊಳ್ಳಿ ಮೇಡಂ. ಇವ್ಳು ಬಾಯಿ ತೆಗೆದ್ರೆ ಸಾಕು, ಇಡೀ ವಠಾರ ಬಾಗಿಲಿಗೆ ಬರ್ತದೆ."

ನಾನು ಕೆಂಪು ದೀಪ ಹಚ್ಚಿದೆ. ಅದು ಉರಿಯುವಾಗ ಕೋಣೆಯಲ್ಲಿ ಹೊರಟ ಸದ್ದೆಲ್ಲ ಮೈಕಿನದು. ಅದು ಗೊತ್ತಿದ್ದ ನಿಂಗರಾಜು ತುಟಿಪಿಟಿಕ್ಕೆನ್ನದೆ ಅವಳ ಜುಟ್ಟು ಹಿಡಿದು ತಲೆಯನ್ನು ಗೋಡೆಗೆ ಚಚ್ಚಿದ. ಮೊದಲ ಏಟಿನ ಸದ್ದನ್ನು ಮೈಕು ತೆಗೆದುಕೊಂಡಿತು. ಉಳಿದ ಏಟುಗಳು ನಿಶ್ಶಬ್ದವಾಗಿ ಬಿದ್ದವು. ಮೂಗಿನಿಂದ ರಕ್ತ ಇಳಿದರೂ ಚೆಲುವಿ ಹಲ್ಲು ಕಚ್ಚಿಯೇ ಇದ್ದಳು. ಅವಳ ಕಣ್ಣು ದೀಪದ ಮೇಲಿತ್ತು.

ನಾನು ದೀಪ ಆರಿಸಿ, ಬೀದಿಬಾಗಿಲು ತೆರೆದೆ.

"ಈಗ ಚೀರು ತಾಯಿ."

ಅವಳು ಚೀರಿದಳು. ಎದುರಿನ ಗ್ಯಾರೇಜಿನವರು ಸ್ಪ್ಯಾನರ್ ಹಿಡಿದೇ ಓಡಿಬಂದು ನಿಂಗರಾಜುವಿನ ಮೇಲೆ ಬಿದ್ದರು. ಅವನು ಚೀರತೊಡಗಿದ.

"ನೀವ್ಯಾರೂ ಬಾಯಿ ತೆಗೀಬೇಡಿ ಅಣ್ಣಾ," ಎಂದು ಅವರಿಗೆ ಹೇಳಿ, ಚೆಲುವಿಯನ್ನು ಹೊರಗೆ ಕೂರಿಸಿ ಬಂದು, ಕೆಂಪು ದೀಪ ಹಚ್ಚಿದೆ.