ಇಪ್ಪತ್ತೊಂದು ಚೌಕ

ಹದಿನಾಲ್ಕನೆಯ ಚೌಕದಲ್ಲಿ ಕೆಂಪು ಇಂಟು ಮಾರ್ಕು ಬಿದ್ದಿತ್ತು.

ಅವನು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಫ್ರಿಜ್ಜಿನ ಮುಂದೆ ನಿಂತುಬಿಟ್ಟ. ಹದಿಮೂರು ದಿನ ಸಾಲಾಗಿ ರೈಟ್ ಮಾರ್ಕು. ನಿನ್ನೆಗೆ ಮಾತ್ರ ಇಂಟು. ನಿನ್ನೆ ಏನು ಕಡಿಮೆಯಾಯಿತು? ಐದೂವರೆಗೆ ಎದ್ದಿದ್ದ. ಹಾಸಿಗೆ ಮಡಚಿದ್ದ. ಉಂಡ ತಟ್ಟೆಯನ್ನು ತಾನೇ ತೊಳೆದಿದ್ದ. ಎದುರು ಮಾತಾಡಿರಲಿಲ್ಲ. ಅಯ್ಯೋ, ಎದುರು ಮಾತಾಡಲು ಈ ಮನೆಯಲ್ಲಿ ಬಾಯಿ ಬಿಡುವವರಾದರೂ ಯಾರಿದ್ದರು!

ಗಂಡ ಹೆಂಡಿರ ನಡುವೆ ಮಾತು ನಿಂತು ನಾಲ್ಕು ತಿಂಗಳಾಗಿತ್ತು. ಅವನು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವವನು. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಕೊನೆಯ ಜಗಳದಲ್ಲಿ ಅವಳು, "ಸಾಕಾಯ್ತು, ಬೇರೆ ಬೇರೆ ಇದ್ದುಬಿಡೋಣ" ಎಂದಿದ್ದಳು. ಅವನೂ ಬಿಗುಮಾನ ಬಿಡದೆ, "ಆಗಲಿ" ಎಂದಿದ್ದ. ಅಲ್ಲಿಂದಾಚೆಗೆ ಸಂಸಾರ ನಡೆದದ್ದು ಫ್ರಿಜ್ಜಿನ ಬಾಗಿಲ ಮೇಲೆ. ಗ್ಯಾಸ್ ಮುಗಿದಿದೆ. ಶಾಲೆಯಲ್ಲಿ ಮೀಟಿಂಗ್, ನೀವೇ ಹೋಗಿ. ಚೀಟಿಗಳಿಗೆ ಸಹಿ ಇರುತ್ತಿರಲಿಲ್ಲ. ಬರೆಯುವವರೇ ಇಬ್ಬರು, ಸಹಿ ಯಾಕೆ?

ಹಾಗಾಗಿ ಟೈಪು ಮಾಡಿದ ಆ ಹಾಳೆ ಅಲ್ಲಿ ಕಾಣಿಸಿದಾಗ ಅವನಿಗೆ ಅನುಮಾನವೇ ಬರಲಿಲ್ಲ. 'ಒಳ್ಳೆಯ ಅಭ್ಯಾಸಗಳು' ಎಂಬ ತಲೆಬರಹ, ಪಾಲಿಸಬೇಕಾದ ಆರು ಸಾಲು, ದಿನಕ್ಕೊಂದರಂತೆ ಇಪ್ಪತ್ತೊಂದು ಚೌಕ. ಅಡಿಯಲ್ಲಿ, 'ಇದೇ ಕೊನೆಯ ಅವಕಾಶ'.

ಮೈಯೆಲ್ಲ ಉರಿಯಿತು. ನಾನೇನು ಎಳೆ ಮಗುವೇ? ಆದರೆ ಬಾಡಿಗೆ ಮನೆಯೊಂದರ ವಿಳಾಸ ಅವಳ ಚೀಲದಿಂದ ಇಣುಕಿದ್ದನ್ನು ಅವನು ಹಿಂದಿನ ದಿನವಷ್ಟೇ ನೋಡಿದ್ದ. ಅವಳಿಲ್ಲದ ಮನೆಯನ್ನು ನೆನೆದರೆ ಎದೆ ಧಸಕ್ಕೆನ್ನುತ್ತಿತ್ತು. ಮರುದಿನವೇ ಐದೂವರೆಗೆ ಎದ್ದ.

ಮನೆಯ ವರಸೆಯೇ ಬದಲಾಯಿತು. ಹೆಂಡತಿಯೂ ಐದೂವರೆಗೇ ಏಳತೊಡಗಿದಳು. ಕಾವಲಿಗಿರಬೇಕು ಎಂದುಕೊಂಡ. ಸಿಡುಕುವುದನ್ನೂ ಬಿಟ್ಟಳು. ಹೇಗಿರಬೇಕೆಂದು ತೋರಿಸಿಕೊಡುತ್ತಿರಬೇಕು, ಮಹಾತಾಯಿ! ಬಾಯಿ ಬಿಟ್ಟರೆ ಪಟಪಟ ಎನ್ನುತ್ತಿದ್ದ ಹತ್ತು ವರ್ಷದ ಮಗಳು, ಅವರ ಚಿನಕುರಳಿ, ಅವಳೂ ಮೆಲ್ಲಗೆ ಹೆಜ್ಜೆಯಿಡುತ್ತಿದ್ದಳು. ನಿನ್ನೆ ಅವಳ ಕೈಜಾರಿ ಗಾಜಿನ ಲೋಟ ಚೂರಾದಾಗ ಅವನು ಗದರಲೂ ಇಲ್ಲ, ತಾನೇ ಗುಡಿಸಿ ಎತ್ತಿದ. ಇಷ್ಟಾದರೂ ಇಂಟು ಮಾರ್ಕೇ?

ಆ ವಾರವೆಲ್ಲ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಪ್ರೆಸ್ಸಿನಲ್ಲಿ ಮುನ್ನೂರು ವಿಸಿಟಿಂಗ್ ಕಾರ್ಡು ಸೊಟ್ಟಗೆ ಕತ್ತರಿಸಿ ಹಾಕಿದ.

"ತಲೆ ಎಲ್ಲಿಟ್ಟು ಬಂದಿದ್ದೀಯ ಮಾರಾಯ?" ಎಂದು ಮೇಸ್ತ್ರಿ ರೇಗಿದರು.

"ಫ್ರಿಜ್ಜಿನ ಮೇಲೆ," ಎಂದ.

ಇಪ್ಪತ್ತೊಂದನೆಯ ದಿನ ಸಂಜೆ ಮಗಳು ಊಟದ ಮೇಜಿನ ಮೇಲೆ ಹೋಂವರ್ಕ್ ಹರಡಿಕೊಂಡಿದ್ದಳು. ಹೆಂಡತಿ ಒಲೆಯ ಮುಂದಿದ್ದಳು. ಅವನಿಗೆ ತಡೆಯಲಾಗಲಿಲ್ಲ.

"ನೀನು ಹೇಳಿದ್ದೆಲ್ಲಾ ಮಾಡಿದೀನಿ. ಆ ಒಂದು ದಿನ ಏನು ತಪ್ಪು ಮಾಡಿದ್ನೋ ನಂಗೆ ಗೊತ್ತಿಲ್ಲ, ತಪ್ಪಾಯ್ತು ಅಂತಲೇ ಇಟ್ಕೋ. ಬಿಟ್ಟು ಹೋಗ್ಬೇಡ ಕಣೇ."

ಹೆಂಡತಿಯ ಕೈಯಲ್ಲಿನ ಸೌಟು ನಿಂತಿತು.

"ನಾನು ಹೇಳಿದ್ದಾ? ಆ ಹಾಳೆ ನೀವು ನನಗೆ ಅಂತ ಅಂಟಿಸಿದ್ದಲ್ವಾ? ಇಷ್ಟು ದಿನ ಹಲ್ಲು ಕಚ್ಚಿಕೊಂಡು ಮಾಡಿದ್ದು ನಾನು! ಮಾರ್ಕು ಹಾಕ್ತಿದ್ದಿದ್ದು ನೀವಲ್ವಾ?"

"ನಾನ್ಯಾಕೆ ಹಾಕ್ಲಿ? ನೀನು ಹಾಕ್ತಿದ್ದೀಯ ಅಂತ ನಾನು..."

ಇಬ್ಬರೂ ಮುಖ ಮುಖ ನೋಡಿಕೊಂಡರು. ಮೊದಲು ಅವಳಿಗೆ ನಗು ಬಂತು, ಆಮೇಲೆ ಅವನಿಗೆ. ನಗುತ್ತಲೇ ಅವಳ ಕಣ್ಣು ತುಂಬಿತು. ನಾಲ್ಕು ತಿಂಗಳ ಮೇಲೆ ಮೊದಲ ಬಾರಿ ಅವನು ಅವಳ ಕೈ ಹಿಡಿದ.

"ಅಲ್ಲಾ ರೀ, ಮತ್ತೆ ಅದನ್ನ ಬರೆದಿದ್ದು ಯಾರು?"

ಮೇಜಿನ ಹತ್ತಿರ ಕುರ್ಚಿ ಸರಿದ ಸದ್ದಾಯಿತು. ಮಗಳು ಎದ್ದು ನಿಂತಿದ್ದಳು.

"ನಾನೇ, ಕಂಪ್ಯೂಟರ್ ಕ್ಲಾಸಲ್ಲಿ. ಅದು ನಿಮಗಲ್ಲ ಅಪ್ಪಾ, ನನಗೆ ನಾನೇ ಬರ್ಕೊಂಡಿದ್ದು. ನಾನು ಸರಿಹೋದ್ರೆ ನೀವಿಬ್ರೂ ಬೇರೆ ಆಗಲ್ಲ ಅಂದ್ಕೊಂಡೆ."