ಯಾರ ಬಾಯಿಂದ ಬಂತು?

ಸಬೀಹಾ ಶಾಲೆಯಲ್ಲಿ ಪಾಠ ಮುಗಿಸಿ ಮನೆಗೆ ಬರುವಷ್ಟರಲ್ಲಿ ಅವಳ ಅಪ್ಪ ಮೌಲಾನಾ ಬದೀಉದ್ದೀನರು ನಿಶ್ಚಯವಾಗಿದ್ದ ಅವಳ ಮದುವೆ ಮುರಿದು, ನೆಮ್ಮದಿಯಾಗಿ ಚಹಾ ಕುಡಿಯುತ್ತಾ ಕೂತಿದ್ದರು. ಸಿಕಂದರಾಬಾದಿನ ವರ ಮುಜಮ್ಮಿಲನಿಗೆ ಕುಡಿತದ ಚಟವಂತೆ. ಮುಂಜಾನೆಯೇ ಹುಡುಗನ ತಂದೆಗೆ ಫೋನ್ ಮಾಡಿ ಹೇಳಿಯೂ ಆಗಿತ್ತು.

ಸಿಟ್ಟು ಬಂದರೆ ಉರ್ದು ಬಿಟ್ಟು ಸೇಡಂ ಕಡೆಯ ಕನ್ನಡಕ್ಕೆ ಇಳಿಯುವ ಮನೆ ಅದು.

"ಅಂವ ಕುಡಿತಾನಂತ ಯಾರ್ ಹೇಳ್ಯಾರ್ರಿ ಅಬ್ಬಾ?"

"ಹೇಳೋರು ಹೇಳ್ಯಾರ. ನೀ ಸುಮ್ಕಿರು."

ಅಬ್ಬಬ್ಬಾ, ಈ ಮಾತು ಆಡಿದವರು ಯಾರು ಅಂತೀರಿ! ಕೋಠಿಯ ಮದರಸಾದಲ್ಲಿ ಹದೀಸ್ ಪಾಠ ಹೇಳುವವರು. ಇದು ಪ್ರವಾದಿಯವರು ಹೇಳಿದ ಮಾತು ಎಂದು ಒಬ್ಬ ಹೇಳಿದರೆ, ಅವನು ಯಾರಿಂದ ಕೇಳಿದ, ಆ ಇನ್ನೊಬ್ಬ ಯಾರಿಂದ ಕೇಳಿದ ಎಂದು ಸನದನ್ನು, ಅಂದರೆ ಹೇಳಿದವರ ಸರಪಳಿಯನ್ನು, ಕೊನೆಯ ಕೊಂಡಿಯವರೆಗೂ ಜಾಲಾಡುವುದೇ ಅವರ ಕಸುಬು. ಸತ್ತು ಸಾವಿರ ವರ್ಷವಾದವರ ನಡತೆ, ನೆನಪಿನ ಶಕ್ತಿ ಎಲ್ಲ ಅವರಿಗೆ ಬಾಯಿಪಾಠ. ಒಬ್ಬನ ಜ್ಞಾಪಕ ಕೊಂಚ ಸಡಿಲ ಎಂದು ತಿಳಿದರೂ ಸಾಕು, ಮುಲಾಜಿಲ್ಲದೆ ಅವನ ಮಾತನ್ನು ಬದಿಗಿಡುತ್ತಿದ್ದರು. ಹೆತ್ತ ಮಗಳ ವಿಷಯಕ್ಕೆ ಮಾತ್ರ ಅತ್ತರಿನಂಗಡಿ ಚಾಂದಪಾಷಾ ಕಿವಿಯಲ್ಲಿ ಊದಿದ್ದೇ ಸಾಕಾಗಿತ್ತು. ಮಗಳು ಪಟ್ಟು ಹಿಡಿದ ಮೇಲೆ ಆ ಹೆಸರು ಹೊರಬಿತ್ತು.

"ಚಾಂದಪಾಷಾ ಕಣ್ಣಾರೆ ಕಂಡಾರೇನ್ರಿ? ಫೋನ್ ಹಚ್ಚಿ ಕೇಳ್ರಿ. ನನ್ನ ಬಾಳೇದ ಪ್ರಶ್ನಿ ಐತಿ." ಹುಡುಗನನ್ನು ಅವಳು ಮನಸಾರೆ ಮೆಚ್ಚಿದ್ದಳು.

ಮಗಳ ಕಣ್ಣೀರು ನೋಡಲಾಗದೆ ಮೌಲಾನಾ ಸ್ಪೀಕರ್ ಹಾಕಿ ಫೋನ್ ಹಚ್ಚಿದರು.

"ನಾ ಎಲ್ಲಿ ಕಂಡೀನ್ರಿ? ಟೇಲರ್ ಯೂನುಸ್ ಹೇಳಿದ," ಎಂದ ಚಾಂದಪಾಷಾ.

"ನಂಗ ನಿಮ್ಮ ಶಿಷ್ಯ ಇಲಿಯಾಸ್ ಹೇಳಿದ್ರಿ. ನಿಮ್ಮ ಶಿಷ್ಯ ಅಂದಮ್ಯಾಗ ಮತ್ತೇನ್ ಕೇಳೂದೈತಿ?" ಎಂದ ಮುಂದಿನ ಫೋನಿಗೆ ಯೂನುಸ್.

ಇಲಿಯಾಸನಿಗೆ ಆಶ್ಚರ್ಯವೋ ಆಶ್ಚರ್ಯ. "ನೀವೇ ಅಲ್ರಿ ಹಜರತ್, ಹೋದ ವಾರ ಪಾಠದಾಗ ಹೇಳಿದ್ದು!"

ಗಡ್ಡ ನೀವುತ್ತಿದ್ದ ಮೌಲಾನಾರ ಕೈ ಅಲ್ಲೇ ನಿಂತಿತು. ಹೌದು, ಸುದ್ದಿಯನ್ನು ಪರೀಕ್ಷಿಸುವುದು ಹೇಗೆಂದು ಕಲಿಸುತ್ತಾ ಅವರು, "ಸಿಕಂದರಾಬಾದಿನ ಮುಜಮ್ಮಿಲ್ ಕುಡಿಯುತ್ತಾನೆ ಎಂದು ಯಾರೋ ಹೇಳಿದರು ಅಂತ ಇಟ್ಟುಕೊಳ್ಳಿ" ಎಂದಿದ್ದರು. ಸಂಬಂಧ ಬಂದ ಹೊಸದು, ಹೆಸರು ನಾಲಿಗೆಯ ತುದಿಯಲ್ಲೇ ಇತ್ತು. ವಾಕ್ಯ 'ಇಟ್ಟುಕೊಳ್ಳಿ'ಗೆ ಬಂದು ಮುಟ್ಟುವ ಹೊತ್ತಿಗೆ ಇಲಿಯಾಸ್ ತೂಕಡಿಸಿದ್ದ.

ಸಬೀಹಾ ಅಪ್ಪನ ಮುಖವನ್ನೇ ನೋಡಿದಳು. ಮೌಲಾನಾಗೆ ಜೀವ ಹಿಡಿಯಷ್ಟಾಯಿತು. ಹುಡುಗನ ತಂದೆ ವಹಾಬ್‌ಸಾಬರಿಗೆ ಫೋನ್ ಮಾಡಿದರು.

"ತಪ್ಪಾತ್ರಿ ವಹಾಬ್‌ಸಾಬ್. ಮುಂಜಾನಿ ಹೇಳಿದ ಸುದ್ದಿ ಶುದ್ಧ ಸುಳ್ಳು. ಹುಡುಗ ಬಂಗಾರದಂಥಾಂವ."

"ನಿಮ್ಮದು ಭಾಳ ದೊಡ್ಡ ಮನಸ್ಸು ಹಜರತ್. ನಮ್ಮ ಮಾನ ಉಳಸಾಕ ಹಿಂಗ ಹೇಳಾಕತ್ತೀರಿ," ಎಂದರು ವಹಾಬ್‌ಸಾಬ್, ಅಳು ನುಂಗಿಕೊಳ್ಳುತ್ತಾ. "ಅಂವನೂ ಕುಡಿಯಂಗಿಲ್ಲಂತ ಆಣಿ ಮ್ಯಾಲ ಆಣಿ ಮಾಡಿದ. ಆದ್ರ ನಿಮ್ಮ ಬಾಯಿಂದ ಬಂದ ಮಾತಿಗೆ ಸನದ್ ಕೇಳಾಕ ಆಗ್ತದೇನ್ರಿ? ಮಧ್ಯಾಹ್ನನೇ ಅವನ್ನ ಮನಿಯಿಂದ ಹೊರಗ ಹಾಕೀನಿ."