ನಾ ನೋಡೀನಿ

ಐಟಿ ಕಂಪನಿಯ ಗೇಟಿನಲ್ಲಿ ವ್ಯಾನು ತಡೆದು ಪಾಸು ಕೇಳಿದ ನೀಲಪ್ಪನಿಗೆ, ಹಿಂದಿನ ಸೀಟಿನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತವನು ಬಸಲಿಂಗನೇ ಎಂದು ಗುರುತು ಹತ್ತಲು ಹೊತ್ತು ಹಿಡಿಯಲಿಲ್ಲ. ಪೀಣ್ಯದ ಒಂದೇ ಕೋಣೆಯಲ್ಲಿ ಎರಡು ವರ್ಷ ಕೂಡಿ ರೊಟ್ಟಿ ಮುರಿದವರು. ಬಸಲಿಂಗನಿಗೆ ಗುರುತು ಸಿಕ್ಕಿದ್ದು ಮಾತ್ರ ಪಾಸಿಗೆಂದು ಚಾಚಿದ ಬಲಗೈ ಕಂಡ ಮೇಲೆ. ಅದರಲ್ಲಿ ನಾಲ್ಕು ಬೆರಳು ಇರಲಿಲ್ಲ.

"ನೀಲಪ್ಪಣ್ಣ, ಇಲ್ಲಿ ಅದಿಯೇನು?" ಎನ್ನುತ್ತ ಅವನು ಇಳಿದು ಬಂದ.

"ಇಲ್ಲೇ ಸೆಕ್ಯುರಿಟಿ. ವೈಟ್‌ಫೀಲ್ಡಿಗೆ ಬಂದು ಏಳು ತಿಂಗಳಾತು. ಈ ಕೈ ನೋಡಿ ಮಷಿನ್ ಮುಂದ ಯಾರು ನಿಲ್ಲಸ್ತಾರ?"

ಪೀಣ್ಯದ ಫ್ಯಾಕ್ಟರಿಯಲ್ಲಿ, ತಗಡು ಒತ್ತುವ ಪವರ್ ಪ್ರೆಸ್ಸಿಗೆ ಕೈ ಸಿಗದಂತೆ ಅಡ್ಡ ಇರಬೇಕಾದ ಕಬ್ಬಿಣದ ಜಾಲರಿಯನ್ನು, ಕೆಲಸ ನಿಧಾನವಾಗುತ್ತದೆಂದು ಸೂಪರ್‌ವೈಸರ್ ನರಸಿಂಹಯ್ಯ ತಾನೇ ಸ್ಪ್ಯಾನರ್ ಹಿಡಿದು ಬಿಚ್ಚಿದ್ದ. ಮೂರನೆಯ ದಿನಕ್ಕೆ ನೀಲಪ್ಪನ ಬೆರಳು ಹೋದವು. ಬಿಚ್ಚಿದ್ದನ್ನೂ ಬೆರಳು ಹೋದದ್ದನ್ನೂ ಕಂಡವನು ಪಕ್ಕದ ಮಷಿನ್ನಿನ ಬಸಲಿಂಗನೊಬ್ಬನೇ. ಆಸ್ಪತ್ರೆಯಲ್ಲಿ ಮಂಚದ ಪಕ್ಕ ಕೂತು, ಊಟದ ಡಬ್ಬಿಯ ಮೇಲೆ ಪ್ರೆಸ್ಸಿನ ಹೊಡೆತದ ತಾಳಕ್ಕೆ ಬಡಿಯುತ್ತ, ಅವನು ಹಾಡೂ ಅಲ್ಲದ ಬೈಗುಳವೂ ಅಲ್ಲದ ಮಾತು ಕಟ್ಟಿ ಒದರಿದ್ದ: 'ಜಾಲರಿ ಬಿಚ್ಚಿದ್ದು ನಾ ನೋಡೀನಿ, ಬೆರಳು ಬಿದ್ದದ್ದು ನಾ ನೋಡೀನಿ.' ವಾರ್ಡಿನಲ್ಲಿ ನರಳುತ್ತಿದ್ದವರೂ ತಲೆಯೆತ್ತಿ ಕೇಳಿದ್ದರು. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದರು. ಗಿಟಾರ್ ಬಾರಿಸುವ ವಸಂತ್ ಎಂಬ ಸಾಫ್ಟ್‌ವೇರ್ ಎಂಜಿನಿಯರ್ ಆ ವಿಡಿಯೋ ನೋಡಿ ಪೀಣ್ಯಕ್ಕೆ ಹುಡುಕಿಕೊಂಡು ಬಂದ. ಡಬ್ಬಿಯ ಜಾಗಕ್ಕೆ ಡ್ರಮ್ಮು ಬಂತು. ವರ್ಷ ತುಂಬುವುದರೊಳಗೆ ಆಟೋಗಳಲ್ಲಿ, ಕಾಲೇಜು ಹಬ್ಬಗಳಲ್ಲಿ, ಎಫ್‌ಎಂನಲ್ಲಿ ಎಲ್ಲೆಲ್ಲೂ ಅದೇ ಹಾಡು. ಅದೇ ವರ್ಷದಲ್ಲಿ ಫ್ಯಾಕ್ಟರಿಯವರು, ಜಾಲರಿಯನ್ನು ನೀಲಪ್ಪ ತಾನೇ ಬಿಚ್ಚಿದನೆಂದು ನೋಟೀಸಿನಲ್ಲಿ ಬರೆದು ಅವನನ್ನು ಕೆಲಸದಿಂದ ತೆಗೆದರು.

"ನಿನಗ ಎಷ್ಟು ಸಲ ಫೋನ್ ಹಚ್ಚೀನಿ ಬಸೂ."

"ನಂಬರ್ ಬದಲಾಗೇತಣ್ಣ."

"ಆಗಲಿ ಬಿಡು. ಬರೋ ಮಂಗಳವಾರ ಲೇಬರ್ ಕೋರ್ಟಿನ್ಯಾಗ ನನ್ನ ಕೇಸಿಗೆ ಸಾಕ್ಷಿ ಕೇಳ್ತಾರ. ನೀ ಬಂದು ನೋಡಿದ್ದಷ್ಟು ಹೇಳಿದ್ರ ಸಾಕು. ನನ್ನ ಮಗಳು ಓದಾಕ ಕಲತಾಳ. ಆ ನೋಟೀಸು ಓದಿ, 'ಜಾಲರಿ ಯಾಕ ಬಿಚ್ಚಿದಿ ಅಪ್ಪಾ' ಅಂತ ಕೇಳ್ತಾಳ."

ಬಸಲಿಂಗ ವ್ಯಾನಿನ ಕಡೆ ನೋಡಿದ. ಅಷ್ಟರಲ್ಲಿ ವಸಂತ್ ಇಳಿದು ಹತ್ತಿರ ಬಂದಿದ್ದ. ಒರಟಾಗಿ ಮಾತಾಡುವವನಲ್ಲ ಅವನು.

"ಅಣ್ಣ, ತಪ್ಪು ತಿಳ್ಕೋಬೇಡಿ. ಈ ಹಾಡು ಬರೀ ಕಲ್ಪನೆ, ಯಾರ ಬಗ್ಗೇನೂ ಅಲ್ಲ ಅಂತ ಆಡಿಯೋ ಕಂಪ್ನಿಗೆ ನಾವು ಬರ್ಕೊಟ್ಟಿದೀವಿ. ಇವ್ನು ಕೋರ್ಟಲ್ಲಿ ನಿಂತು ನಿಜ ಅಂದ್ಬಿಟ್ರೆ ಫ್ಯಾಕ್ಟ್ರಿಯವ್ರು ಕೇಸ್ ಹಾಕಿ ಹಾಡನ್ನೇ ನಿಲ್ಲಿಸಿಬಿಡ್ತಾರೆ. ಅರ್ಥ ಮಾಡ್ಕೊಳ್ಳಿ."

ನೀಲಪ್ಪ ಬಸಲಿಂಗನ ಕಡೆ ತಿರುಗಿದ. "ಕಲ್ಪನಾ ಏನು, ಬಸೂ?" ಎಂದ.

ಬಸಲಿಂಗ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದ, ಮತ್ತೆ ಹಾಕಿಕೊಂಡ. "ನಿನ್ನ ಸಂಕಟಾ ನಾ ನಾಡಿಗೆಲ್ಲ ಮುಟ್ಟಿಸೀನಲ್ಲಣ್ಣ."

"ನಾಡಿಗೆ ಮುಟ್ಟಿಸಂತ ನಾ ಎಲ್ಲಿ ಕೇಳಿದ್ನಿ? ಒಬ್ಬ ಜಡ್ಜ್ ಸಾಹೇಬ್ರಿಗೆ ಮುಟ್ಟಿದ್ರ ಸಾಕಾಗಿತ್ತು."

ಹಿಂದೆ ನಿಂತ ಕಾರು ಹಾರ್ನ್ ಹೊಡೆಯಿತು. ವಸಂತ್ ಬಸಲಿಂಗನ ಹೆಗಲ ಮೇಲೆ ಕೈ ಹಾಕಿ ಕರೆದೊಯ್ದ. ನೀಲಪ್ಪ ಪಾಸಿನ ನಂಬರು ನೋಡಿ ಗೇಟು ಎತ್ತಿದ. ಅದು ಅವನ ಕೆಲಸ.

ಸಂಜೆ ಐದಕ್ಕೆ ಕಂಪನಿಯ ವಾರ್ಷಿಕೋತ್ಸವ ಶುರುವಾಯಿತು. ಹುಲ್ಲುಹಾಸಿನ ತುಂಬ ಕೊರಳಿಗೆ ಐಡಿ ಕಾರ್ಡು ತೂಗುಬಿಟ್ಟ ಹುಡುಗ ಹುಡುಗಿಯರು. ಆ ಹಾಡಿಗೆ ಒಂದು ಕುಣಿತವೂ ಹುಟ್ಟಿಕೊಂಡಿತ್ತು: ನಾಲ್ಕು ಬೆರಳು ಮಡಚಿ, ಬಲಗೈ ಮೇಲೆತ್ತಿ, ಹಾರಿ ಹಾರಿ ಕುಣಿಯಬೇಕು. ಬಸಲಿಂಗ ಮೈಕಿನಲ್ಲಿ ಕೂಗುವ ಮೊದಲೇ ಜನ ಕೂಗಿದರು, "ನಾ ನೋಡೀನಿ, ನಾ ನೋಡೀನಿ." ಗುಂಪು ಬೇಲಿಯ ಹಗ್ಗದ ಮೇಲೆ ಬಿದ್ದಾಗ, ಹಿಂದೆ ಸರಿಯಿರಿ ಎಂದು ನೀಲಪ್ಪ ಬಲಗೈ ಎತ್ತಿದ. ಒಬ್ಬ ಹುಡುಗಿ ಅದನ್ನು ಕಂಡು ಗೆಳೆಯನ ತೋಳು ಜಗ್ಗಿದಳು.

"ನೋಡೋ, ಸೆಕ್ಯುರಿಟಿ ಅಂಕಲ್ ಕೂಡ ಫ್ಯಾನು ಕಣೋ."

ಅವರು ಅವನ ಎರಡೂ ಪಕ್ಕ ನಿಂತು, ತಮ್ಮ ಬೆರಳು ಮಡಚಿ, ಸೆಲ್ಫಿ ತೆಗೆದುಕೊಂಡು, ಥ್ಯಾಂಕ್ಯೂ ಹೇಳಿ ಹೋದರು. ಆಮೇಲೆ ಅವರು ಬೆರಳು ಬಿಡಿಸಿದ್ದನ್ನು ನೀಲಪ್ಪ ನೋಡುತ್ತ ನಿಂತ. ಐದಕ್ಕೆ ಐದೂ ನೆಟ್ಟಗಿದ್ದವು.

ಮಂಗಳವಾರ ಅವನು ಕೋರ್ಟಿನ ಬಾಗಿಲ ಕಡೆ ಮುಖ ಮಾಡಿ ನಾಲ್ಕರವರೆಗೆ ಕೂತ. ಹೆಸರು ಕೂಗಿದಾಗ ವಕೀಲರು ಎದ್ದು, ನಮ್ಮ ಕಡೆ ಸಾಕ್ಷಿ ಯಾರೂ ಇಲ್ಲ ಎಂದರು. ಗುಮಾಸ್ತ ಸಹಿಗೆಂದು ಹಾಳೆ ಮುಂದಕ್ಕೆ ತಳ್ಳಿದ. ಎಸ್ಸೆಸ್ಸೆಲ್ಸಿಯಲ್ಲಿ ದುಂಡು ಅಕ್ಷರಕ್ಕೆ ಬಹುಮಾನ ತೆಗೆದುಕೊಂಡಿದ್ದ ನೀಲಪ್ಪ ಎಡಗೈಯಲ್ಲಿ ಪೆನ್ನು ಹಿಡಿದು ಗೀಚಿದ. ಹೋದ ಸಲದ ಗೀಚಿಗೂ ಇದಕ್ಕೂ ಹೋಲಿಕೆ ಇರಲಿಲ್ಲ. ಗುಮಾಸ್ತ ಶಾಯಿಯ ಡಬ್ಬಿ ತೆರೆದು, ತಲೆ ಎತ್ತದೆಯೇ ಕೇಳಿದ:

"ಓದು ಬರಹ ಬರಲ್ವೇನಪ್ಪಾ?"

"ಬರತೈತ್ರೀ," ಎಂದು ನೀಲಪ್ಪ ಹೆಬ್ಬೆಟ್ಟು ಒತ್ತಿದ.